ಸಾರು ಬೇಡ, ಬರೀ ಮುದ್ದೆ

ನವೆಂಬರ್ 9, ಶನಿವಾರ, ಸಂಜೆ 6.20. ಕೋಲಾರದ ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು ಕಾರ್ಡುಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ನಾಳೆಗೆ ಮುದ್ದೆ ಬೇಕು ಅಂದಿದ್ದು ನೀವೇನಾ?" ಹೆಂಗಸಿನ ದನಿ.

ನನಗೆ ಜೀವ ಬಂದಂತಾಯಿತು. ಮೂರು ವಾರದಿಂದ ನಾನು ಹುಡುಕುತ್ತಿದ್ದದ್ದು ಮುದ್ದೆಯನ್ನೇ.

ಯಾವ ಮುದ್ದೆ ಎಂದು ಮೊದಲೇ ಹೇಳಿಬಿಡುತ್ತೇನೆ. ನಾವು ಕೆಲವರು ಒಂದು ಕಾರ್ಡಿನ ಆಟ ಆಡುತ್ತೇವೆ, ಇಸ್ಪೀಟಲ್ಲ. ಒಬ್ಬೊಬ್ಬರೂ ಅರವತ್ತು ಕಾರ್ಡಿನ ಡೆಕ್ಕನ್ನು ತಾವೇ ಕೂಡಿಸಿಕೊಂಡು ಬರಬೇಕು. ಅದರಲ್ಲಿ ಬಣ್ಣಬಣ್ಣದ ವಿಚಿತ್ರ ಪ್ರಾಣಿಗಳಿರುತ್ತವೆ. ಪ್ರಾಣಿ ಎಷ್ಟೇ ಬಲಶಾಲಿಯಾಗಿರಲಿ, ಜೊತೆಗೆ ಶಕ್ತಿ ಕಾರ್ಡ್ ಇಡದಿದ್ದರೆ ಅದು ಹೊಡೆಯುವುದಿಲ್ಲ, ಸುಮ್ಮನೆ ಮುಖ ನೋಡುತ್ತಾ ಕೂರುತ್ತದೆ. ಶಕ್ತಿ ಕಾರ್ಡಿನಲ್ಲಿ ಚಿತ್ರವೇನೂ ಇಲ್ಲ. ಒಂದು ಎಲೆ, ಇಲ್ಲವೇ ಬೆಂಕಿ, ಇಲ್ಲವೇ ನೀರಿನ ಹನಿ, ಅಷ್ಟೆ. ಆದರೆ ಡೆಕ್ಕಿನ ಮೂರನೇ ಒಂದು ಪಾಲು ಇವೇ ಇರಬೇಕು. ಹೊಟ್ಟೆ ತುಂಬಿಸುವುದು ಇವಾದ್ದರಿಂದ ನಮ್ಮ ಗುಂಪಿನಲ್ಲಿ ಇವಕ್ಕೆ ಮುದ್ದೆ ಎಂದು ಹೆಸರು. ಪ್ರಾಣಿಗಳು ಸಾರು. ಹಾಗೆ ಹೆಸರಿಟ್ಟವಳು ಮುಳಬಾಗಿಲಿನ ನನ್ನ ಗೆಳತಿ. ಅವಳು ಮನೆಯಲ್ಲಿ ದಖನಿ, ಬೀದಿಯಲ್ಲಿ ತೆಲುಗು, ನನ್ನ ಹತ್ತಿರ ಕನ್ನಡ ಮಾತಾಡುತ್ತಾಳೆ. ಬೈಯುವಾಗ ಮೂರೂ ಸೇರುತ್ತವೆ.

ನಮ್ಮ ಕಡೆ ಸಾರಿಗೆ ಬರವಿಲ್ಲ, ಮುದ್ದೆಗೆ ಬರ. ಮಕ್ಕಳು ಪೊಟ್ಟಣವನ್ನು ಅಂಗಡಿ ಮುಂದೆಯೇ ಹರಿದು, ಪ್ರಾಣಿಗಳನ್ನು ಜೇಬಿಗೆ ಹಾಕಿಕೊಂಡು, ಚಿತ್ರವಿಲ್ಲದ್ದನ್ನು ಅಲ್ಲೇ ಬಿಸಾಡಿ ಹೋಗುತ್ತಾರೆ. ಆ ಮೂರು ವಾರದ ನನ್ನ ಲೆಕ್ಕ ಇಷ್ಟು: ಕೋಲಾರದ ಅಂಗಡಿಗಳಲ್ಲಿ ಎಲೆ ನಾಲ್ಕು, ಮುಳಬಾಗಿಲಿನಲ್ಲಿ ಎರಡು. ಶ್ರೀನಿವಾಸಪುರದಲ್ಲಿ ಸೊನ್ನೆ. ಅಲ್ಲಿಯ ಅಂಗಡಿಯವರು, "ಅದಾ? ಬೆಳಿಗ್ಗೆ ತಾನೇ ಗುಡಿಸಿ ಹಾಕ್ದೆ" ಎಂದರು.

ಆರೂ ಎಲೆಗಳು ಬೇಕಾಗಿದ್ದದ್ದು ಗೆಳತಿಗೆ. ಅವಳ ಪ್ರಾಣಿಗಳೆಲ್ಲ ಹಸಿರು ಜಾತಿಯವು, ಅವಕ್ಕೆ ಇಪ್ಪತ್ತು ಎಲೆ ಬೇಕು. ಇನ್ನೂ ಹದಿನಾಲ್ಕು ಕಡಿಮೆ. ಕಾಗದ ಕತ್ತರಿಸಿ ಮಾಡಿಕೊಳ್ಳುವಂತಿಲ್ಲ, ಹಿಂಬದಿ ಬೇರೆಯಾಗಿ ಕಂಡರೆ ಮುಂದೆ ಬರುವ ಕಾರ್ಡ್ ಯಾವುದೆಂದು ಎದುರಾಳಿಗೆ ತಿಳಿದುಬಿಡುತ್ತದೆ. ತಿಂಗಳಿಗೊಂದು ಭಾನುವಾರ ಈ ಮೂರೂರಿನವರೂ ಮಾಲೂರಿನವರೂ ಒಂದು ಕಡೆ ಸೇರುತ್ತೇವೆ. ಈ ಸಲದ್ದು ಮಾಲೂರಿನಲ್ಲಿ. ಹಿಂದಿನ ಎರಡು ಸಲ ಅವಳು ಬಸ್ಸು ಹತ್ತಿ ಬಂದು, ನಾವು ಆಡುವುದನ್ನು ನೋಡಿ, ಟೀ ಕುಡಿದು ಹೋಗಿದ್ದಳು.

"ಈ ಸಲಾನೂ ನೋಡೋದೇ ಆದ್ರೆ ನಾನು ಬರಲ್ಲ ಕಣೇ," ಎಂದಿದ್ದಳು. "ಎಲ್ಲಾ ನಮ್ಮಣ್ಣನ ಮಕ್ಕಳಿಗೆ ಕೊಟ್ಬಿಡ್ತೀನಿ. ಇದೇನು ಸಿನಿಮಾನಾ, ಬಂದು ನೋಡ್ಕೊಂಡು ಹೋಗೋಕೆ?"

ಅವಳು ಹೇಳಿದರೆ ಮಾಡುವವಳು. ಆದ್ದರಿಂದ ಗುರುವಾರ ನಾನು ಗುಂಪಿಗೆ ಸಂದೇಶ ಹಾಕಿದೆ: 'ಭಾನುವಾರಕ್ಕೆ ಮುದ್ದೆ ಬೇಕು. ಎಷ್ಟಿದ್ದರೂ ಸರಿ. ಮಾಲೂರಿಗೆ ಬಂದಾಗ ತೆಗೆದುಕೊಳ್ಳುತ್ತೇವೆ.' ಕೆಳಗೆ ನನ್ನ ನಂಬರು. ಮಾಲೂರಿನ ಆಟಗಾರನೊಬ್ಬ ಅದನ್ನು ಹಾಗೆಯೇ ತನ್ನ ಬೀದಿಯವರ ಗುಂಪಿಗೂ ಕಳಿಸಿದ್ದ. ಶನಿವಾರದ ಫೋನು ಬಂದದ್ದು ಅಲ್ಲಿಂದ.

"ಎಷ್ಟು ಬೇಕಮ್ಮ?"

"ನಲವತ್ತಿದ್ರೆ ನಲವತ್ತೂ ಕೊಡಿ ಅಕ್ಕ."

"ಸಾರು ಏನಿರ್ಲಿ?"

"ಸಾರು ಬೇಡ, ನಮ್ಮ ಹತ್ರ ಬೇಕಾದಷ್ಟಿದೆ. ಬರೀ ಮುದ್ದೆ ಸಾಕು. ಹಳೇದಾದ್ರೂ ಪರವಾಗಿಲ್ಲ, ಮಡಚಿರ್ಬಾರ್ದು ಅಷ್ಟೇ."

"ಹಳೇದು ನಾವು ಕೊಡಲ್ಲಮ್ಮ, ಬಿಸಿಬಿಸಿನೇ. ಮುದ್ದೆ ಯಾರು ಮಡಚ್ತಾರೆ?"

ಆಗಷ್ಟೇ ಪೊಟ್ಟಣ ಒಡೆದ ಕಾರ್ಡಿಗೆ ಬಿಸಿ ಎನ್ನುವುದು ಎಷ್ಟು ಚೆನ್ನಾಗಿದೆ ಎಂದುಕೊಂಡು, "ನೀವೂ ಆಡ್ತೀರಾ ಅಕ್ಕ?" ಎಂದೆ.

"ಆಡೋಕೆ ಟೈಮೆಲ್ಲಿದೆ? ಹನ್ನೆರಡೂವರೆಗೆ ಬನ್ನಿ," ಎಂದು ವಿಳಾಸ ಹೇಳಿ ಇಟ್ಟರು.

ಭಾನುವಾರ ಗೆಳತಿಯೂ ನಾನೂ ಮಾಲೂರಿನಲ್ಲಿ ಇಳಿದು ಆ ವಿಳಾಸಕ್ಕೆ ಹೋದರೆ ಅದೊಂದು ಮೆಸ್. ಒಲೆಯ ಮೇಲೆ ಹಂಡೆಯಷ್ಟು ದೊಡ್ಡ ಪಾತ್ರೆಯಲ್ಲಿ ಎಸರು ಕುದಿಯುತ್ತಿತ್ತು. ಮೆಸ್ಸಿನ ಅಕ್ಕ ಮುದ್ದೆಕೋಲು ಹಿಡಿದು ನಿಂತಿದ್ದರು.

"ಬಂದ್ರಾ? ಹಿಟ್ಟು ಹಾಕ್ಲಾ? ನಲವತ್ತಕ್ಕೆ ಪಾತ್ರೆ ತಂದಿದೀರಾ?"

ಗೆಳತಿ ನನ್ನ ಕೈಯಲ್ಲಿದ್ದ ಅಂಗೈಯಗಲದ ಕಾರ್ಡ್ ಡಬ್ಬಿಯನ್ನು ನೋಡಿದಳು, ಪಾತ್ರೆಯನ್ನು ನೋಡಿದಳು. "ಲೇ, ಇವ್ರದ್ದು ನಿಜವಾದ ಮುದ್ದೆ ಕಣೇ!" ಎಂದವಳೇ ನಗು ತಡೆಯಲಾರದೆ ಬೆಂಚಿನ ಮೇಲೆ ಕುಸಿದಳು.

ನಾನು ಬೆವರುತ್ತಾ ವಿವರಿಸಲು ಹೋದೆ. ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲವೆಂದು ಡಬ್ಬಿಯಿಂದ ಒಂದು ಎಲೆ ಕಾರ್ಡನ್ನು ತೆಗೆದು ತೋರಿಸಿದೆ. ಅಕ್ಕನ ಹುಬ್ಬು ಮೇಲೇರಿತು.

"ಇದು ನಮ್ಮ ಟೋಕನ್ ಅಲ್ವಾ? ನಿಮ್ಮ ಕೈಗೆ ಹೆಂಗ್ ಬಂತು? ಅದಕ್ಕೇ ಕಮ್ಮಿ ಬರ್ತಿರೋದು!"

ಗಲ್ಲಾದ ಪಕ್ಕದ ಬಿಸ್ಕತ್ತಿನ ಡಬ್ಬ ತೆರೆದು ತೋರಿಸಿದರು. ಒಳಗೆ ಎರಡು ಕಂತೆ, ಬೆಂಕಿ ಮತ್ತು ಎಲೆ. ಪಕ್ಕದಲ್ಲಿ ಆಟಿಕೆ ಅಂಗಡಿ. ಮಕ್ಕಳು ಮೆಸ್ಸಿನ ಕಟ್ಟೆಯ ಮೇಲೆ ಕುಳಿತು ಪೊಟ್ಟಣ ಹರಿದು ಇವನ್ನು ಬಿಟ್ಟು ಹೋಗುತ್ತಿದ್ದರಂತೆ. ರಟ್ಟು ಗಟ್ಟಿ, ಸಾರು ಚೆಲ್ಲಿದರೂ ಒರೆಸಿದರೆ ಹೋಗುವಂಥ ನುಣುಪು ಎಂದು ಅಕ್ಕ ಇವನ್ನೇ ಊಟದ ಟೋಕನ್ ಮಾಡಿಕೊಂಡಿದ್ದರು. ಕೆಂಪು ಬೆಂಕಿ ಎಂದರೆ ಕೋಳಿ ಸಾರಿನ ಊಟ, ಹಸಿರು ಎಲೆ ಎಂದರೆ ಸೊಪ್ಪಿನ ಸಾರಿನ ಊಟ. ಬಡಿಸುವವರಿಗೆ ದೂರದಿಂದಲೇ ಗೊತ್ತಾಗುತ್ತದೆ. ನಮ್ಮ ಮುದ್ದೆ ಇಲ್ಲಿ ನಿಜಕ್ಕೂ ಮುದ್ದೆಗೇ ನಡೆಯುತ್ತಿತ್ತು.

ನಾವು ಕಳ್ಳಿಯರಲ್ಲವೆಂದು ನಂಬಿಸಿದ ಮೇಲೆ ಗೆಳತಿ ಮೆಲ್ಲಗೆ ಕೇಳಿದಳು. "ಅಕ್ಕ, ಎಲೆ ಮಾತ್ರ ಕೊಡ್ತೀರಾ?"

"ಭಾನುವಾರ ಎಲೆ ಯಾರು ಕೇಳ್ತಾರೆ, ಸುಮ್ನೆ ಬಿದ್ದಿರ್ತವೆ. ಆದ್ರೆ ನಾಳೆ ಸೋಮವಾರ, ಎಲ್ರೂ ಎಲೆನೇ. ಅಷ್ಟರಲ್ಲಿ ಬದಲಿ ಮಾಡ್ಕೊಟ್ಟು ತಗೊಂಡ್ಹೋಗಿ. ಮತ್ತೆ ಎಸರಿಟ್ಟಿರೋದು ನಿಮಗೋಸ್ಕರ. ಎಲ್ರನ್ನೂ ಕರೆಸಿ, ಉಂಡು ಹೋಗ್ಬೇಕು."

ನಾನು ಗುಂಪಿನವರಿಗೆಲ್ಲ ಊಟಕ್ಕೆ ಇಲ್ಲಿಗೇ ಬನ್ನಿ ಎಂದು ಫೋನ್ ಮಾಡಿದೆ. ಗೆಳತಿ ಚಪ್ಪಲಿ ಡಬ್ಬದ ರಟ್ಟು ಕತ್ತರಿಸಿದಳು, ನಾನು ಹಸಿರು ಪೆನ್ನಿನಲ್ಲಿ ಎಲೆ ಬರೆದೆ. ನನ್ನ ಎಲೆಗಳು ಮೆಣಸಿನಕಾಯಿಯಂತಿವೆ ಎಂದು ಅಕ್ಕ ನಕ್ಕರು. ಕಂತೆ ಎಣಿಸಿದರೆ ಹದಿಮೂರು. ಇನ್ನೊಂದು ಎಲ್ಲಿ?

ಮೂಲೆಯಲ್ಲಿ, ಆ ಭಾನುವಾರ ಸೊಪ್ಪಿನ ಸಾರು ಕೇಳಿದ್ದ ಒಬ್ಬನೇ ಒಬ್ಬ ತಾತನ ಕೈಯಲ್ಲಿ. ಗೆಳತಿ ಹೋಗಿ ಕೈ ನೀಡಿದಳು. ತಾತ ಕಾರ್ಡನ್ನು ಎದೆಗವಚಿಕೊಂಡರು.

"ಮುಂದು ಸಂಗಟಿ ಪೆಟ್ಟಮ್ಮಾ!"

ತೆಲುಗಿನಲ್ಲಿ, ಮೊದಲು ಮುದ್ದೆ ಹಾಕು ಎಂದು. ಅವಳು ಒಳಗೆ ಓಡಿ, ಆಗ ತಾನೇ ಕಟ್ಟಿದ ಮುದ್ದೆಯ ತಟ್ಟೆ ತಂದಿಟ್ಟು, ಸಾರು ಸುರಿದು, ತುಪ್ಪವನ್ನೂ ಹಾಕಿ ನಿಂತಳು. ತಾತ ಒಂದು ತುತ್ತು ನುಂಗಿ ನೋಡಿದ ಮೇಲೆ ಕಾರ್ಡ್ ಕೊಟ್ಟರು.

ಊಟದ ಗದ್ದಲ ಮುಗಿದ ಮೇಲೆ ಅಕ್ಕ ಅಲ್ಲಿಯೇ ಆಡಲು ಒಂದು ಮೇಜು ಒರೆಸಿಕೊಟ್ಟರು. ಗೆಳತಿ ಅರವತ್ತು ಕಾರ್ಡನ್ನೂ ಎರಡೆರಡು ಸಲ ಎಣಿಸಿ ಕಲೆಸಿದಳು. ಮೊದಲ ಆಟ ಸೋತಳು. ಎದುರಿಗೆ ಆಡಿದವನು ಸಮಾಧಾನ ಹೇಳಲು ಬಂದರೆ, "ಸುಮ್ನಿರೋ, ಸೋಲೋಕೂ ಮೂರು ತಿಂಗಳು ಕಾದಿದೀನಿ. ಹಾಕು ಇನ್ನೊಂದು," ಎಂದಳು. ಎರಡನೆಯದನ್ನು ಗೆದ್ದಳು. ಸಂಜೆ ಬಸ್ಸಿನಲ್ಲಿ ಡೆಕ್ಕನ್ನು ಮಡಿಲಲ್ಲಿಟ್ಟುಕೊಂಡು, ಅಣ್ಣನ ಮಕ್ಕಳಿಗೆ ಬೇರೆ ಏನಾದರೂ ಕೊಡಿಸಬೇಕು ಎಂದಳು.

ಈಗ ನನಗೆ ನೀರಿನ ಹನಿ ಬೇಕು. ನಾಲ್ಕೂ ಊರು ಸುತ್ತಿದರೂ ಒಂದೂ ಸಿಕ್ಕಿಲ್ಲ. ಯಾವುದಾದರೂ ಹೋಟೆಲು, ಮಂಡಿ, ಸೈಕಲ್ ಸ್ಟ್ಯಾಂಡಿನಲ್ಲಿ ನೀಲಿ ಹನಿಯ ಕಾರ್ಡು ಟೋಕನ್ನಾಗಿ ಓಡಾಡುವುದನ್ನು ಕಂಡವರಿದ್ದರೆ ದಯವಿಟ್ಟು ಬರೆದು ತಿಳಿಸಿ. ನಿಮ್ಮೂರಲ್ಲಿ ಅದಕ್ಕೆ ಏನೆನ್ನುತ್ತಾರೆ ಎಂಬುದನ್ನೂ ಬರೆಯಿರಿ. ಬದಲಿ ಟೋಕನ್ ಮಾಡಿಕೊಡುವ ಹೊಣೆ ನನ್ನದು. ಹನಿ ಬರೆಯುವುದು ಎಲೆಗಿಂತ ಸುಲಭ.