ಚರಂಡಿಯ ಹೊಂಡದಲ್ಲಿ ಬಿಟ್ಟ ಸಾಕ್ಷಿ

ಇನ್ನಂಜೆಯ ಸ್ಟ್ಯಾನಿಸ್ಲಾಸ್ ಹನ್ನೊಂದು ದಿನ ಒಂದು ಮಣ್ಣಿನ ಕಂಬಕ್ಕೆ ಕಾವಲು ಕುಳಿತಿದ್ದ. ಇದು ಸುಳ್ಳಲ್ಲ. ಸುಳ್ಳು ಮುಂದೆ ಬರುತ್ತದೆ, ಬಂದಾಗ ನೀವೇ ಗುರುತಿಸಿಕೊಳ್ಳಿ.

ಅರುವತ್ತೆರಡನೇ ಇಸವಿಯ ಮೇ ತಿಂಗಳು. ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ದಾರಿಯ ಬದಿಯಲ್ಲಿ ಚರಂಡಿಯ ಕೊಳವೆ ಹೂಳುವ ಕೆಲಸ ನಡೆದಿತ್ತು. ಅದರಲ್ಲಿ ಒಂದು ತುಂಡು ಅಗೆತ ಸ್ಟ್ಯಾನಿಸ್ಲಾಸನ ಗುತ್ತಿಗೆ. ಕಾಗದದಲ್ಲಿ ಪೂರಾ ಮಣ್ಣು ಎಂದೇ ಬರೆದಿತ್ತು. ನಾಲ್ಕಡಿ ಇಳಿಯುವಾಗ ಕರಿಕಲ್ಲು ಸಿಕ್ಕಿತು. ಎಂಥ ಕಲ್ಲು! ಇಲ್ಲಿ ಸುತ್ತಿಗೆ ಬಿದ್ದರೆ ಪಡುಬಿದ್ರಿಯಲ್ಲಿ ಮೀನುಗಳು ಬೆಚ್ಚಿ ತಾವಾಗಿ ದೋಣಿಗೆ ಹಾರುತ್ತಿದ್ದವು. ಕಲ್ಲು ಕಡಿಯುವವರ ಕೂಲಿ ಮಣ್ಣಿನವರ ಮೂರು ಪಟ್ಟು. ಅದನ್ನು ಕೊಡಲು ಅವನು ಎಮ್ಮೆ ಮಾರಿದ. ಹೆಂಡತಿ ಜೆರ್ಟ್ರೂಡ್ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿಲ್ಲ. ಎಮ್ಮೆಯೂ ಹೋದ ಮೇಲೆ ಆ ಮನೆಯಲ್ಲಿ ಉಸಿರಾಡುವವನು ಅವನೊಬ್ಬನೇ.

ಕಲ್ಲಿನ ಹೆಚ್ಚುವರಿ ಹಣ ಸಿಗಬೇಕಾದರೆ ಒಂದು ಕ್ರಮ ಉಂಟು. ಹೊಂಡದ ನಡುವೆ ಒಂದು ಕಂಬದಷ್ಟು ನೆಲವನ್ನು ಅಗೆಯದೆ ನಿಲ್ಲಿಸಬೇಕು, ನೆತ್ತಿಯ ಹುಲ್ಲು ಸಮೇತ. ಮೇಲೆ ಎಷ್ಟು ಮಣ್ಣು, ಕೆಳಗೆ ಎಷ್ಟು ಕಲ್ಲು ಎಂದು ಓವರ್‌ಸಿಯರ್ ಬಂದು ಅದನ್ನು ಅಳೆಯುತ್ತಾರೆ. ಅದಕ್ಕೆ ಸಾಕ್ಷಿ ಎನ್ನುವುದು. ಹೊಂಡದ ಬದಿ ನೋಡಿದರೆ ಸಾಲದೇ ಎಂದು ಕೇಳಬೇಡಿ. ಕಚೇರಿಗೆ ಕಂಬವೇ ಬೇಕು. ಅಳೆಯುವ ಮೊದಲು ಅದು ಬಿದ್ದರೆ ಹಣವೂ ಇಲ್ಲ, ಎಮ್ಮೆಯೂ ಇಲ್ಲ.

ಓವರ್‌ಸಿಯರ್ ತಾರಾನಾಥರು ಮಗಳ ಮದುವೆಗೆಂದು ಕಾರ್ಕಳಕ್ಕೆ ಹೋಗಿದ್ದರು. ಅವರು ಬರುವ ತನಕ ಕೊಳವೆ ಇಡುವಂತಿಲ್ಲ, ಆಳುಗಳಿಗೆ ಕೊಡಲು ಕಾಸೂ ಇಲ್ಲ. ಎಲ್ಲರನ್ನೂ ಕಳುಹಿಸಿ ಸ್ಟ್ಯಾನಿಸ್ಲಾಸ್ ಮನೆಗೂ ಹೋಗದೆ ಅಲ್ಲೇ ಕುಳಿತ.

ಮೊದಲ ದಿನ ದನವೊಂದು ಸಾಕ್ಷಿಯ ನೆತ್ತಿಯ ಹುಲ್ಲಿಗೆ ಕತ್ತು ಚಾಚಿತು, ಅದನ್ನು ಅಟ್ಟಿದ. ಮೂರನೇ ದಿನ ಮಳೆ, ಒಂದೊಂದು ಹನಿಯೂ ಎಳನೀರಿನ ಬೊಂಡದ ಗಾತ್ರ. ಕೊಡೆಯನ್ನು ಕಂಬಕ್ಕೆ ಹಿಡಿದು ತಾನು ನೆನೆದ.

ಎದುರಿನ ಚಾದಂಗಡಿಯ ವನಜಾಕ್ಷಿ, ಊರಿನವರು ಕ್ರಿಸ್ತರನ್ನು ಕರೆಯುವ ಹಾಗೆ ಕರೆದು ಕೂಗಿದಳು: "ಪೊರ್ಬುಗಳೇ, ಎಂತ ಅವಸ್ಥೆ ಇದು! ಮಣ್ಣಿಗೆ ಶೀತ ಆಗ್ತದಾ?"

"ನನಗೆ ಶೀತ ಆದ್ರೆ ಕಷಾಯ ಉಂಟು ವನಜಕ್ಕ. ಇದಕ್ಕೆ ಆದ್ರೆ ನಾನು ಮುಗಿದೆ."

"ಹೆಂಡತಿಗೆ ಹೀಗೆ ಕೊಡೆ ಹಿಡಿದದ್ದು ಉಂಟಾ?"

ಅವನು ನಗಲು ನೋಡಿದ, ಆಗಲಿಲ್ಲ. ವನಜಾಕ್ಷಿ ಒಂದು ಲೋಟ ಚಾ ತಂದಿಟ್ಟು ಹೋದಳು.

ಐದನೇ ದಿನದಿಂದ ಅವನು ಕಂಬದೊಂದಿಗೆ ಮಾತಾಡತೊಡಗಿದ. ಜೆರ್ಟ್ರೂಡ್ ಹಬ್ಬಕ್ಕೆ ಮಾಡುತ್ತಿದ್ದ ಇಡ್ಲಿ ಎಷ್ಟು ಹಗುರವೆಂದರೆ, ತಟ್ಟೆಗೆ ಮುಚ್ಚಳ ಇಡದಿದ್ದರೆ ಗಾಳಿಗೆ ಹಾರಿ ಕಾಪುವಿನ ದೀಪಸ್ತಂಭಕ್ಕೆ ಸಿಕ್ಕಿಕೊಳ್ಳುತ್ತಿತ್ತು ಎಂದ. ಕಂಬ ಎದುರು ಮಾತಾಡಲಿಲ್ಲ. ಜೆರ್ಟ್ರೂಡ್ ಆಗಿದ್ದರೆ, "ಸಾಕು ನಿಮ್ಮ ಬೊಗಳೆ" ಎನ್ನುತ್ತಿದ್ದಳು. ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಇನ್ನೊಂದು ಕತೆ ಶುರು ಮಾಡಿದ.

ಹನ್ನೊಂದನೇ ದಿನ ತಾರಾನಾಥರು ಬಂದು ಟೇಪು ಹಿಡಿದರು. "ಮಣ್ಣು ನಾಲ್ಕಡಿ, ಕಲ್ಲು ಮೂರೂವರೆ. ಇಷ್ಟು ಚಂದದ ಸಾಕ್ಷಿ ನಾನು ಕಂಡದ್ದಿಲ್ಲ ಮಾರಾಯ. ನಿನ್ನ ದುಡ್ಡು ಬರ್ತದೆ. ಇನ್ನು ಇದನ್ನು ಕಡಿಸು, ಕೊಳವೆ ಹೋಗ್ಬೇಕಲ್ವಾ?"

"ನಾಳೆ ಕಡಿಸಿದ್ರೆ ಆಗುದಿಲ್ವಾ ಸ್ವಾಮಿ?"

"ಯಾಕೆ, ನಾಳೆ ಎಂತ ಉಂಟು?"

ನಾಳೆ ಎಂತದೂ ಇರಲಿಲ್ಲ. ಆಳುಗಳಿಗೆ ಹೇಳಿ ಕಳುಹಿಸಿದ. ಮೇಲಿನ ಮಣ್ಣು ಹಾರೆಯ ಎರಡು ಏಟಿಗೆ ಬಿತ್ತು. ಕಲ್ಲು ಸಂಜೆಯವರೆಗೆ ಹಿಡಿಯಿತು. ಸ್ಟ್ಯಾನಿಸ್ಲಾಸ್ ಅತ್ತ ಬೆನ್ನು ಹಾಕಿ ಚಾದಂಗಡಿಯಲ್ಲಿ ಕುಳಿತಿದ್ದ.

ಕೆಲಸ ಮುಗಿದದ್ದನ್ನು ನೋಡಲು ತಿರುಗಿ ಬಂದ ತಾರಾನಾಥರು, ಸಂತೆಕಟ್ಟೆ ಕಡೆಯ ಅಗೆತವನ್ನೂ ಅವನಿಗೇ ಕೊಡುತ್ತೇನೆಂದರು.

"ಅಲ್ಲಿ ಕಲ್ಲು ಉಂಟಾ ಸ್ವಾಮಿ?"

"ಹೆದರಬೇಡ ಮಾರಾಯ. ಗದ್ದೆಯ ಮಣ್ಣು, ಬೆಣ್ಣೆಯ ಹಾಗೆ. ಸಾಕ್ಷಿಯೂ ಬೇಡ, ಕಾವಲೂ ಬೇಡ."

"ಒಂದು ಚೂರೂ ಇಲ್ವಾ?" ಎಂದು ಕೇಳಿದ ಸ್ಟ್ಯಾನಿಸ್ಲಾಸ್.