ಬಸು ಬಿಟ್ಟುಕೊಟ್ಟ ರೈಲು

ಗೆಳೆಯರೇ, ಇವತ್ತು ಬೆಳಿಗ್ಗೆ ಗುಡಗೇರಿ ಸ್ಟೇಷನ್ನಿನಲ್ಲಿ ನಮಗೆ ಹುಬ್ಬಳ್ಳಿ ಗಾಡಿ ತಪ್ಪಿತು. ಜೊತೆಗಿದ್ದವನು ನನ್ನ ಚಿಕ್ಕಪ್ಪನ ಮಗ ಬಸವರಾಜ. ಆರೂವರೆ ಅಡಿ ಎತ್ತರದವನು, ಬ್ಯಾಸ್ಕೆಟ್‌ಬಾಲ್ ಆಡಿಯೇ ಸಂಬಳ ಪಡೆಯುವವನು. ಎದೆಬಡಿತ ತಾಳ ತಪ್ಪುತ್ತಿತ್ತೆಂದು ಡಾಕ್ಟರು ತೊಡೆಯ ರಕ್ತನಾಳದಿಂದ ಹೃದಯದವರೆಗೆ ತಂತಿ ಹಾಯಿಸಿ ಸರಿಪಡಿಸಿ ಇವತ್ತಿಗೆ ಹನ್ನೆರಡು ದಿನ. ಇನ್ನೂ ಕೆಲವು ವಾರ ಓಡುವಂತಿಲ್ಲ. ತಪಾಸಣೆಗೆಂದು ಹೊರಟಿದ್ದೆವು.

ಪ್ಲಾಟ್‌ಫಾರ್ಮ್ ಮುಟ್ಟುವಾಗಲೇ ಗಾಡಿ ಸೀಟಿ ಹೊಡೆಯಿತು. ನಾನು ಓಡಿ ಡಬ್ಬಿಯ ಬಾಗಿಲು ಹಿಡಿದು ಕೂಗಿದೆ, "ಬಾರಲೇ ಬಸೂ, ಗಾಡಿ ಹೊಂಟ್ತು."

ಅವನು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟುಕೊಂಡು, ಹೆಜ್ಜೆಯ ವೇಗ ಒಂದಿಷ್ಟೂ ಬದಲಿಸದೆ ನಡೆದು ಬರುತ್ತಿದ್ದ. ನಾನು ಬಾಗಿಲು ಬಿಟ್ಟೆ. ಗಾಡಿ ಹೋಯಿತು.

"ನಿನಗ ನಾಕ್ ಹೆಜ್ಜಿ ಆಗಿತ್ತಲ್ಲಲೇ," ಎಂದು ರೇಗಿದೆ.

"ಅಣ್ಣಾ, ಇನ್ನ ನಾಕ್ ಹೆಜ್ಜಿ ಅಂತ ಓಡೇ ಆಟದ ನಡಕ ಬಿದ್ದಿದ್ದೆ. ಆವಾಗ ಎದಿ ಬ್ಯಾಡ ಅಂದ್ರೂ ಕೇಳಲಿಲ್ಲ. ಈಗ ಕೇಳಾಕತ್ತೀನಿ," ಎಂದು ನನ್ನ ಬೆರಳನ್ನು ತನ್ನ ಮಣಿಕಟ್ಟಿನ ಮೇಲಿಟ್ಟ.

ಒಂದು, ಮತ್ತೊಂದು, ಮತ್ತೊಂದು. ಒಂದೂ ತಪ್ಪಲಿಲ್ಲ. ಇವನನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಯಾವ ಚೆಂಡನ್ನೂ ಬಿಟ್ಟುಕೊಟ್ಟವನಲ್ಲ. ಅಂಥವನು ಕಣ್ಣೆದುರಿನ ರೈಲನ್ನು ಬಿಟ್ಟುಕೊಟ್ಟು ನಗುತ್ತ ನಿಂತಿದ್ದ.

ಓಡಿದ್ದ ನನಗೆ ಏದುಸಿರು ಇನ್ನೂ ನಿಂತಿರಲಿಲ್ಲ. ಚಹಾ ಅಂಗಡಿಯ ಅಕ್ಕ ನೀರು ತಂದು ನನ್ನ ಕೈಗಿಟ್ಟು ಬಸುವಿಗೆ ಹೇಳಿದಳು, "ಅವ್ರನ್ನ ಬೆಂಚಿನ ಮ್ಯಾಲ ಕುಂದರ್ಸ್ರಿ. ಆರಾಮ ಇಲ್ಲದವರನ್ನ ಹಿಂಗ ಓಡಸ್ತಾರೇನ್ರಿ?"

ಬಸು ನನ್ನ ಕೈ ಹಿಡಿದು ಕೂರಿಸಿದ. ನಾನು ಕೂತು ನೀರು ಕುಡಿದೆ.