ಹಣೆ ಮುಟ್ಟಿ ನೋಡುವವರು ಯಾರು?

ಹೋದ ಭಾನುವಾರ ಖಜೂರಿಯಲ್ಲಿ ಗುಂಡಪ್ಪನವರ ಮನೆಯ ಹೊರಸಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಮಗಳ ವಿಷಯ ಬಂದಾಗ ಅವರು ಒಂದು ಮಾತು ಹೇಳಿದರು. ಚಹಾ ನೆತ್ತಿಗೇರಿತು.

"ಊರ ಮಂದಿ ಜ್ವರ ನೋಡೋ ಹುಡುಗಿರಿ ಇಕಿ. ಪರದೇಶದಾಗ ಇಕಿಗೇ ಜ್ವರ ಬಂದ್ರ ಹಣಿ ಮುಟ್ಟಿ ನೋಡೋರು ಯಾರ್ರಿ?"

ಎಂಥ ಮಾತು ಅಲ್ಲವೆ? ನೇರ ಎದೆಗೆ ನಾಟುವಂಥದ್ದು. ಆದರೆ ಚಹಾ ನೆತ್ತಿಗೇರಿದ್ದು ಅದಕ್ಕಲ್ಲ. ಅದು ನನ್ನ ಮಾತು! ನಾಲ್ಕು ತಿಂಗಳ ಹಿಂದೆ ಅದೇ ಹೊರಸಿನ ಮೇಲೆ ಕೂತು ನಾನೇ ಆಡಿದ್ದು.

ಮೊದಲಿನಿಂದ ಹೇಳುತ್ತೇನೆ. ಗುಂಡಪ್ಪನವರದು ಮಹಾರಾಷ್ಟ್ರಕ್ಕೆ ಹೋಗುವ ರಸ್ತೆಯಲ್ಲಿ ಲಾರಿ ಟೈರುಗಳ ಪಂಕ್ಚರ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮಗಳು ಸುವರ್ಣಾ ಆಳಂದದ ಕಾಲೇಜಿನಲ್ಲಿ ನನ್ನ ಹತ್ತಿರ ಕನ್ನಡ ಕಲಿತವಳು. ಈಗ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಜರ್ಮನಿಗೆ ಹೋಗಬೇಕೆಂದು ಆನ್‌ಲೈನ್ ಕ್ಲಾಸಿಗೆ ಸೇರಿದಳು. ಗುಂಡಪ್ಪನವರಿಗೂ ಆಗ ಹೆಮ್ಮೆಯೇ. ಗಾಳಿ ಹಾಕಿಸಲು ನಿಂತ ಲಾರಿ ಡ್ರೈವರುಗಳಿಗೆಲ್ಲ "ನಮ್ ಹುಡುಗಿ ಜರ್ಮನಿಗೆ ಹೊಂಟಾಳ" ಎನ್ನುತ್ತಿದ್ದರು.

ಹೋಗುವುದು ಅಷ್ಟು ಸುಲಭವೆ? ಅಲ್ಲಿಯ ಭಾಷೆ ಬರಬೇಕು. ಬರೀ "ನೋವು ಎಲ್ಲಿದೆ, ಗುಳಿಗೆ ತಗೊಳ್ಳಿ" ಎನ್ನುವಷ್ಟು ಬಂದರೆ ಸಾಲದು. ಪರೀಕ್ಷೆಯಲ್ಲಿ ಒಂದು ವಿಷಯ ಕೊಡುತ್ತಾರೆ. ಅದರ ಬಗ್ಗೆ ನಿನ್ನ ಅಭಿಪ್ರಾಯ ಮಂಡಿಸು. ಆಮೇಲೆ ಎದುರು ಕೂತ ಇನ್ನೊಬ್ಬರ ಜೊತೆ ವಾದ ಮಾಡು. ಒಪ್ಪದಿದ್ದರೆ ಒಪ್ಪುವುದಿಲ್ಲ ಎನ್ನು. ಯಾಕೆ ಒಪ್ಪುವುದಿಲ್ಲ, ಹೇಳು. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಹೇಳಿದರು. ಜರ್ಮನಿಯವರ ಪ್ರಕಾರ ಜಗಳ ಬಾರದವನಿಗೆ ಮಾತೇ ಬರುವುದಿಲ್ಲ!

ಸುವರ್ಣಾ ಮುಗ್ಗರಿಸಿದ್ದು ಅಲ್ಲೇ. ಪದಗಳೆಲ್ಲ ಬಾಯಿಪಾಠ. ಆದರೆ ಕ್ಲಾಸಿನ ತಾಲೀಮಿನಲ್ಲಿ ಅವಳಿಗೆ ಜೋಡಿಯಾಗಿ ಬಂದವಳು ಜೇವರ್ಗಿಯ ನಸ್ರೀನ್. ಅವಳೂ ನರ್ಸ್, ಇವಳಿಗಿಂತ ಮೂರು ವರ್ಷ ದೊಡ್ಡವಳು. ನಸ್ರೀನ್ ಏನೇ ಹೇಳಲಿ, ಇವಳು "ಯಾ, ಯಾ" (ಹೌದು, ಹೌದು) ಎಂದು ಗೋಣು ಹಾಕಿದ್ದೇ ಹಾಕಿದ್ದು. ಟೀಚರ್ ಸಿಟ್ಟಾದರು. ವಾದಕ್ಕೆ ಸೊನ್ನೆ ಕೊಟ್ಟರು.

"ಯಾಕವ್ವ, ಅಲ್ಲ ಅನ್ನಾಕ ಬರಂಗಿಲ್ಲೇನು?" ಎಂದು ಕೇಳಿದೆ.

"ದೊಡ್ಡಾಕಿ ಇದ್ದಾಳ್ರಿ. ಅಕ್ಕ ಅನ್ನೋ ಹಂಗ ಆಪಾ ಅಂತ ಕರೀತೇನಿ. ಹೆಂಗ್ ಅಲ್ಲ ಅನ್ಲಿರಿ?"

ನಗಬೇಡಿ. ನಾವೆಲ್ಲ ಹೀಗೆಯೇ ಅಲ್ಲವೆ? ದೊಡ್ಡವರು ಮಾತಾಡುತ್ತಿದ್ದರೆ ಸಣ್ಣವರು "ಹೌದ್ರಿ, ಹೌದ್ರಿ" ಎಂದು ಹೂಂಗುಡಬೇಕು. ಸುಮ್ಮನೆ ಕೂತರೆ ಸೊಕ್ಕು. ಎದುರು ಆಡಿದರೆ ಮನೆತನದ ಮಾತು ಬರುತ್ತದೆ. ಒಪ್ಪದಿದ್ದವರು ಎದ್ದು ಹೋಗಿ ತಮಗೆ ಬೇಕಾದ್ದನ್ನು ಮಾಡಬಹುದು (ಗಂಡಸಾಗಿದ್ದರೆ). ಬಾಯಿಬಿಟ್ಟು ಹೇಳುವ ಹಾಗಿಲ್ಲ.

ನಾನು ತರಬೇತಿಗೆ ನಿಂತೆ. ನನಗೆ ಜರ್ಮನ್ ಭಾಷೆಯ ಗಂಧವೂ ಇಲ್ಲ. ಆದರೆ ಚರ್ಚಾಸ್ಪರ್ಧೆಯ ಹುಲಿ ನಾನು. ಕಾಲೇಜು ದಿನಗಳಲ್ಲಿ ಗೆದ್ದ ಕಪ್ಪುಗಳು ಇವತ್ತಿಗೂ ನಮ್ಮ ಶೋಕೇಸಿನಲ್ಲಿವೆ. ಬಂದವರಿಗೆಲ್ಲ ತೋರಿಸುತ್ತೇನೆ. "ಮೊದಲು ಕನ್ನಡದಾಗ ಜಗಳ ಕಲಿ, ಆಮ್ಯಾಲ ಜರ್ಮನ್‌ದಾಗ ಹೇಳು" ಎಂದೆ. ಅವಳು ಊರಿಗೆ ಬಂದ ಭಾನುವಾರಗಳಂದು ಆಳಂದದಿಂದ ಬಸ್ಸು ಹಿಡಿದು ಖಜೂರಿಗೆ ಹೋಗುತ್ತಿದ್ದೆ. ಮಕ್ಕಳ ಕೈಗೆ ಮೊಬೈಲ್ ಕೊಡಬೇಕೆ? ಮುದುಕರನ್ನು ವೃದ್ಧಾಶ್ರಮದಲ್ಲಿ ಇಡಬೇಕೆ? ಅವಳು ಯಾವ ಕಡೆ ನಿಂತರೂ ನಾನು ಎದುರು ಪಕ್ಷ.

ಒಂದು ಭಾನುವಾರ ಅವಳ ಪುಸ್ತಕದಲ್ಲಿದ್ದ ವಿಷಯ, "ದುಡಿಯಲು ಪರದೇಶಕ್ಕೆ ಹೋಗಬೇಕೆ?" ಅವಳು ಹೋಗಬೇಕು ಎಂದಳು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ನಮ್ಮ ತಾಲೂಕಿನ ರೋಗಿಗಳನ್ನು ಯಾರು ನೋಡಬೇಕು ಎಂದೆ. ಹಬ್ಬದ ದಿನ ಒಂಟಿ ಕೋಣೆಯಲ್ಲಿ ಬ್ರೆಡ್ ತಿನ್ನುತ್ತೀಯಾ ಎಂದೆ. ಕೊನೆಗೆ ಆ ಜ್ವರದ ಮಾತು ಬಂತು. ಎಷ್ಟು ಚೆನ್ನಾಗಿ ಬಂತೆಂದರೆ ನನ್ನದೇ ಕಣ್ಣು ಒದ್ದೆಯಾಯಿತು!

ಅಂಗಡಿಯಲ್ಲಿ ಗಾಳಿ ತುಂಬುವ ಹವಾ ಮಷಿನ್ನಿನ ಸದ್ದು ನಿಂತಿತ್ತು. ಗುಂಡಪ್ಪನವರು ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು. ನನಗೆ ಇನ್ನೂ ಹುರುಪು ಬಂತು (ಕೇಳುವವರಿದ್ದರೆ ನನಗೆ ಯಾವಾಗಲೂ ಹಾಗೆ). ಅಷ್ಟರಲ್ಲಿ ಒಂದು ಲಾರಿ ಬಂದು ನಿಂತಿತು. ಅವರು ಹೋದರು, ಮಷಿನ್ ಗಡಗಡ ಶುರುವಾಯಿತು.

ಆ ಗದ್ದಲದಲ್ಲಿ ಸುವರ್ಣಾ ಮೊದಲ ಸಲ ನನಗೆ ಎದುರಾಡಿದಳು. "ನಿಮ್ ಮಾತು ಖರೇ ಅದರಿ. ಆದ್ರ ನನ್ ಅಭಿಪ್ರಾಯ ಬ್ಯಾರೆ ಅದ. ನಾ ನರ್ಸ್ ಇದ್ದೇನಿ. ನನ್ ಹಣಿ ನಾನೇ ಮುಟ್ಟಿ ನೋಡ್ಕೋತೇನಿ." ಆಮೇಲೆ ಅದನ್ನೇ ಜರ್ಮನ್‌ನಲ್ಲಿ ಹೇಳಿದಳು. "ಇಷ್ ಬಿನ್ ಆಂಡರರ್ ಮೈನುಂಗ್." ನನ್ನ ಅಭಿಪ್ರಾಯ ಬೇರೆ. ನಾನು ಚಪ್ಪಾಳೆ ತಟ್ಟಿದೆ. ಅವಳ ಅಪ್ಪನಿಗೆ ಇದೊಂದೂ ಕೇಳಿಸಲಿಲ್ಲ.

ಪುಣೆಯಲ್ಲಿ ಪರೀಕ್ಷೆ ಬರೆದಳು. ಪಾಸಾದಳು. ನಸ್ರೀನ್ ಕೂಡ ಪಾಸ್. ಜರ್ಮನಿಯ ಆಸ್ಪತ್ರೆಯಿಂದ ಕೆಲಸದ ಕರಾರುಪತ್ರ ಬಂತು. ಬುಧವಾರದೊಳಗೆ ಸಹಿ ಮಾಡಿ ಕಳಿಸಬೇಕು. ಹೋದ ಭಾನುವಾರ ನಾನು ಪೇಢೆ ಕಟ್ಟಿಸಿಕೊಂಡು ಹೋದದ್ದು ಅದಕ್ಕೇ.

"ಕಳಸಂಗಿಲ್ರಿ ಮೇಡಂ," ಎಂದರು ಗುಂಡಪ್ಪ. ಆಮೇಲೆ ಆ ಜ್ವರದ ಮಾತು. "ನೀವ್ ಅಂದ ದಿನದಿಂದ ನಿದ್ದಿ ಹತ್ತಿಲ್ರಿ. ಪರೀಕ್ಷಾ ಮುಗೀಲಿ ಅಂತ ಸುಮ್ಕ ಇದ್ದೆ."

"ಅಯ್ಯೋ, ಅದು ತಾಲೀಮಿಗೆ ಹೇಳಿದ್ದು ಗುಂಡಪ್ಪನವರೆ! ನನ್ನ ಮನಸ್ಸಿನ ಮಾತಲ್ಲ."

ಅವರು ನಕ್ಕರು. ಸಿಟ್ಟಿನ ನಗೆಯಲ್ಲ. "ಖೋಟಾ ಮಾತು ಅಷ್ಟು ಚಂದ ಬರಂಗಿಲ್ರಿ. ಹೋಗ್ಲಿ, ಇಕಿ ನಿಮ್ ಮಗಳಾಗಿದ್ರ ಕಳಸ್ತಿದ್ರೇನ್ರಿ?"

ನನ್ನ ಮಗಳು ಆಳಂದದಲ್ಲೇ, ನನ್ನ ಮನೆಯಲ್ಲೇ ಇದ್ದಾಳೆ. ಎರಡು ವರ್ಷದ ಹಿಂದೆ ಅವಳಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿತ್ತು. ಬರೀ ಹೈದರಾಬಾದು! ಬೇಡ ಎಂದವಳು ನಾನು. ಏನು ಹೇಳಿದ್ದೆ ಗೊತ್ತೆ? "ಜ್ವರ ಬಂದ್ರ ನಿನ್ನ ಹಣಿ ಮುಟ್ಟಿ ನೋಡೋರು ಯಾರು?" ಆ ಮಾತು ಅಷ್ಟು ಚೆನ್ನಾಗಿ ಬಂದದ್ದು ಪ್ರತಿಭೆಯಿಂದಲ್ಲ. ಒಮ್ಮೆ ಆಡಿ ಗೆದ್ದ ಮಾತು ಅದು. ಪಂಕ್ಚರ್ ಹುಡುಕುವ ಕೈ ಅವರದು, ಗಾಳಿ ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಇರುತ್ತದೆಯೇ? ಪೇಢೆಯ ಡಬ್ಬಿಯನ್ನು ಹೊರಸಿನ ಬದಿಗೆ ಸರಿಸಿದೆ.

ಆಗ ಸುವರ್ಣಾ ಮಾತಾಡಿದಳು. ಅಪ್ಪನ ಎದುರು, ನಿಂತು. ಮೊದಲು ಅಪ್ಪನ ಮಾತನ್ನು ಹೇಳಿದಳು, ಅದರಲ್ಲಿ ಖರೆ ಎಷ್ಟು ಎಂದು ಒಪ್ಪಿಕೊಂಡಳು. ಆಮೇಲೆ ತನ್ನ ಮಾತು. ನಾಲ್ಕು ವರ್ಷ ಕಲಿತ ವಿದ್ಯೆ, ತನಗೆ ಬೇಕಾದ ಬದುಕು, ನಸ್ರೀನ್ ಜೊತೆಗಿರುತ್ತಾಳೆ ಎಂಬ ಧೈರ್ಯ. ದನಿ ಒಮ್ಮೆಯೂ ನಡುಗಲಿಲ್ಲ. ಮೂವತ್ತು ವರ್ಷದ ಮೇಷ್ಟ್ರಗಿರಿಯಲ್ಲಿ ಅಂಥ ಭಾಷಣ ನಾನು ಕೇಳಿಲ್ಲ.

ಗುಂಡಪ್ಪನವರು ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಪೂರ್ತಿ ಕೇಳಿದರು. "ಭಾಳ ಚಂದ ಮಾತಾಡ್ದಿ ಅವ್ವಿ," ಎಂದರು. ನನ್ನ ಜೀವ ಹಿಗ್ಗಿತು.

"ಆದ್ರ ಕಳಸಂಗಿಲ್ಲ," ಎಂದು ಎದ್ದು ಅಂಗಡಿಗೆ ಹೋದರು. ಅವಳ ತಾಯಿ ಪೇಢೆಯ ಡಬ್ಬಿಯನ್ನು ಬಿಚ್ಚದೆ ಒಳಗೆ ಒಯ್ದರು.

ಇಪ್ಪತ್ತೈದರ ಹೆಣ್ಣುಮಗಳು, ಅವಳ ಸಹಿ ಒಂದೇ ಸಾಕಲ್ಲವೆ? ಸಾಕು. ನನ್ನನ್ನು ಕಳಿಸಲು ಬಸ್‌ಸ್ಟ್ಯಾಂಡಿಗೆ ಬಂದ ಅವಳಿಗೆ ನಾನೂ ಅದನ್ನೇ ಹೇಳಿದೆ. "ಅಪ್ಪ ಬೈದಿದ್ರ ಸಹಿ ಮಾಡ್ತಿದ್ದೆರಿ," ಎಂದಳು. "ಬೈಲಿಲ್ಲಲ್ರಿ." ಬುಧವಾರ ಬಂತು, ಹೋಯಿತು. ಅವಳು ಸಹಿ ಮಾಡಲಿಲ್ಲ. ಕಲಬುರಗಿಯಲ್ಲಿ ಡ್ಯೂಟಿಗೆ ಹೋಗುತ್ತಿದ್ದಾಳೆ. ನಸ್ರೀನ್ ಮುಂದಿನ ತಿಂಗಳು ಹೊರಡುತ್ತಾಳೆ, ಒಬ್ಬಳೇ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪಾಠ ಮಾಡುವಾಗ ಈ ಗಾದೆಯನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ!

ನಿನ್ನೆ ತಡೆಯಲಾಗಲಿಲ್ಲ. ಶೋಕೇಸ್ ಒರೆಸುತ್ತಿದ್ದ ಮಗಳನ್ನು ಕೇಳಿದೆ. "ಅವತ್ತು ಹೈದರಾಬಾದ್ ಬ್ಯಾಡ ಅಂದಾಗ ನೀ ಯಾಕ ಒಂದು ಮಾತೂ ಎದುರಾಡ್ಲಿಲ್ಲ?"

ಅವಳು ಕೈಯಲ್ಲಿದ್ದ ಕಪ್ಪನ್ನು ಒರೆಸಿ, ಅದರ ಜಾಗದಲ್ಲಿಟ್ಟಳು.

"ನಿನ್ ಕೂಡ ವಾದ ಮಾಡಿ ಯಾರ್ ಗೆದ್ದಾರವ್ವಾ?"